ಗೋಡೆಯಿಂದ ಎದ್ದು ಬಂದ ಹೆಸರು

“ಇದು ಹೆಸರಾ, ಗೋರಿಕಲ್ಲಾ? ಹೇಳಿ!”

ಅಂಟು ಇನ್ನೂ ಹಸಿಯಾಗಿದ್ದ ಪೋಸ್ಟರೊಂದು ಪೋಸ್ಟರು ಅಚ್ಚು ಹಾಕುವ ಎವರಾರ್ದೊನ ಮೇಜಿನ ಮೇಲೆ ಪಟ್ಟನೆ ಬಿತ್ತು. ಕೀಬೋರ್ಡು, ಅರ್ಧ ತಿಂದಿದ್ದ ತಮಾಲೆ, ಯಾರದೋ ಮದುವೆಯ ಆಹ್ವಾನ ಪತ್ರಿಕೆ... ಎಲ್ಲದಕ್ಕೂ ಅಂಟು ಮೆತ್ತಿಕೊಂಡಿತು.

ಅವನು ತಲೆಯೆತ್ತಿದ. ಎದುರಿಗೆ ಒಬ್ಬ ಹುಡುಗಿ. ಕೈತುಂಬ ಗೋಡೆಯ ಸುಣ್ಣ, ಕಣ್ಣಲ್ಲಿ ಕೆಂಡ.

“ಯಾರು ನೀವು?”

“ಓದೋಕೆ ಬರುತ್ತಲ್ಲ? ಓದಿ. ಅದೇ ನಾನು.”

ಅವನು ಓದಿದ. ಸೊನಿದೊ ಮರಕುಯಾ.

ನೆಸಾ ಪಟ್ಟಣದ ಬೀದಿಗಳಲ್ಲಿ ಹುಟ್ಟಿದ ಯಾರಿಗೂ ಆ ಹೆಸರನ್ನು ಪರಿಚಯಿಸಬೇಕಿಲ್ಲ. ಬೀದಿ ಕುಣಿತಕ್ಕೆ ಹಾಡು ಹಾಕುವ ಸೊನಿದೊಗಳಲ್ಲೇ ದೊಡ್ಡದು ಅದು: ಹಳದಿ ಲಾರಿ, ಅದರ ಮೇಲೆ ಮನೆಯೆತ್ತರದ ಸ್ಪೀಕರುಗಳು, ಬೀದಿಯನ್ನೇ ನಡುಗಿಸುವ ಕುಂಬಿಯಾ ಹಾಡುಗಳು, ಹಾಡಿನ ನಡುವೆ ಮೈಕಿನಲ್ಲಿ ಊರವರನ್ನೆಲ್ಲ ಹೆಸರು ಹಿಡಿದು ಕರೆಯುವ ದೋನ್ ಅರ್ನುಲ್ಫೊನ ಗಡಸು ದನಿ. ಸಾನ್ ಪಾಸ್ಕುವಾಲ್ ಮಾರುಕಟ್ಟೆಯ ವಾರ್ಷಿಕೋತ್ಸವದ ಕುಣಿತದಲ್ಲಿ ಕೊನೆಯ ಪಾಳಿ ಯಾವಾಗಲೂ ಮರಕುಯಾದ್ದೇ. ಕೊನೆಯ ಪಾಳಿ ಅಂದರೆ ರಾಜನ ಪಾಳಿ!

ಆ ಅರ್ನುಲ್ಫೊ ಹೋದ ವರ್ಷ ತೀರಿಕೊಂಡ. ಈ ಸಲ ಮೈಕು ಹಿಡಿಯುವವಳು ಅವನ ಒಬ್ಬಳೇ ಮಗಳು, ನೊಯೆಮಿ. ಆ ಮಾರುಕಟ್ಟೆಯ ಕುಣಿತದಲ್ಲಿ ಹೆಣ್ಣೊಬ್ಬಳು ಮೈಕು ಹಿಡಿದದ್ದೇ ಇಲ್ಲ. ಅದಕ್ಕೇ ಅರ್ಧ ಜನ ಹುಬ್ಬೇರಿಸಿದ್ದರು. ಉಳಿದರ್ಧ ಜನ ನಕ್ಕಿದ್ದರು.

ಈಗ ಈ ಪೋಸ್ಟರು!

ಅವರ ಲೋಕದಲ್ಲಿ ಪೋಸ್ಟರು ಅಂದರೆ ಬರಿಯ ಕಾಗದವಲ್ಲ. ರಾಜನ ಪಾಳಿಯವರ ಹೆಸರು ದಪ್ಪಗೆ, ಅಂಚು ಕಡೆದು, ಚಿನ್ನದ ಹೊಳಪಿನಲ್ಲಿ, ಇನ್ನೇನು ಕಾಗದ ಬಿಟ್ಟು ಕಾಲ ಮೇಲೆ ಬೀಳುತ್ತದೇನೋ ಎನ್ನುವಂತೆ ಉಬ್ಬಿ ನಿಂತಿರಬೇಕು. ಮಿಕ್ಕವರ ಹೆಸರು ಕೆಳಗೆ ಚಪ್ಪಟೆಯಾಗಿ. ಯಾರು ದೊಡ್ಡವರು, ಯಾರು ಮುಗಿದುಹೋದವರು ಎನ್ನುವುದನ್ನು ಜನ ಗೋಡೆ ನೋಡಿಯೇ ತೀರ್ಮಾನಿಸುತ್ತಾರೆ.

ಮೇಜಿನ ಮೇಲಿದ್ದ ಪೋಸ್ಟರಿನಲ್ಲಿ ಮರಕುಯಾ ದೊಡ್ಡದಾಗಿಯೇ ಇತ್ತು, ಚಿನ್ನದ ಬಣ್ಣವೂ ಇತ್ತು. ಆದರೆ ಅಕ್ಷರಗಳು ಮೇಲೆದ್ದಿರಲಿಲ್ಲ. ಒಳಕ್ಕೆ ಹೂತುಹೋಗಿದ್ದವು. ಉಳಿ ಹಿಡಿದು ಕಲ್ಲಿನಲ್ಲಿ ಕೊರೆದಂತೆ!

“ಬೆಳಗ್ಗೆಯಿಂದ ನಮ್ಮ ಚೇಲಾ ಅತ್ತೆಗೆ ಎಲ್ಲರೂ ಸಂತಾಪ ಹೇಳ್ತಿದಾರೆ ಕಣ್ರೀ! ಒಣಮೆಣಸಿನಕಾಯಿ ತಗೊಳ್ಳೋಕೆ ಬಂದೋರು ‘ಪಾಪ ಚೇಲಾ, ಅಣ್ಣನ ಹಿಂದೇನೇ ಸೊನಿದೋನೂ ಹೋಯ್ತಾ’ ಅಂತ ತಲೆ ಸವರಿ ಹೋಗ್ತಿದಾರೆ!”

ಎವರಾರ್ದೊನ ಮುಖ ಬಿಳಿಚಿಕೊಂಡಿತು. “ಅಯ್ಯೋ ದೇವರೇ... ತಪ್ಪು ನಂದೇ. ಹೇಗಾಯ್ತು ಅಂದ್ರೆ...”

“ಹೇಗಾಯ್ತು ಅನ್ನೋ ಪುರಾಣ ನಂಗೆ ಬೇಡ. ಮುಂದೇನು, ಅದನ್ನ ಹೇಳಿ. ಶುಕ್ರವಾರದೊಳಗೆ ಹೊಸ ಪೋಸ್ಟರು ಗೋಡೆಗೆ ಬೀಳದಿದ್ರೆ ಕೊನೇ ಪಾಳಿ ಸೊನಿದೊ ತ್ರುಎನೊಗೆ ಕೊಡ್ತೀವಿ ಅಂತ ಮಾರುಕಟ್ಟೆ ಸಮಿತಿಯೋರು ಹೇಳಿಬಿಟ್ಟಿದಾರೆ.”

“ಇವತ್ತೇ ಸರಿ ಮಾಡ್ಕೊಡ್ತೀನಿ. ನೀವು ಮನೆಗೆ ಹೋಗಿ...”

ನೊಯೆಮಿ ಮನೆಗೆ ಹೋಗಲಿಲ್ಲ. ಮೂಲೆಯಲ್ಲಿದ್ದ ಸ್ಟೂಲನ್ನು ಬರ್‍ರನೆ ಎಳೆದು ಅವನ ಪಕ್ಕದಲ್ಲೇ ಹಾಕಿಕೊಂಡು ಕೂತಳು.

“ನೀವು ಮಾಡೋದು ಬೇಡ. ನಾನೇ ಮಾಡ್ತೀನಿ. ಹೇಳಿಕೊಡಿ.”

“ಅದು ಅಷ್ಟು ಸುಲಭ ಅಲ್ಲ ರೀ...”

“ಸುಲಭದ್ದೇ ಬೇಕಿದ್ರೆ ಅಪ್ಪನ ಲಾರಿ ಮಾರಿ ಆರಾಮಾಗಿ ಮನೇಲಿ ಕೂತಿರ್ತಿದ್ದೆ. ಸತ್ತಿದ್ದು ನಮ್ಮಪ್ಪ, ನಮ್ಮಪ್ಪನ ಹೆಸರಲ್ಲ! ಅದನ್ನ ನನ್ನ ಕೈಯಾರೆ ಎಬ್ಬಿಸ್ತೀನಿ. ಸರೀರಿ ಆಚೆ!”

ಅವನು ಸರಿದ. ಆ ಕಣ್ಣುಗಳ ಎದುರು ಸರಿಯದೆ ಇರುವ ಗಂಡಸು ನೆಸಾದಲ್ಲಿ ಇನ್ನೂ ಹುಟ್ಟಬೇಕಷ್ಟೆ.

*

ಮೊದಲ ದಿನ ಅವಳಿಗೆ ಮೌಸು ಹಿಡಿಯುವುದಕ್ಕೇ ಸಿಟ್ಟು ಬರುತ್ತಿತ್ತು. ಆಂಪ್ಲಿಫೈಯರಿನ ತಂತಿಗಳನ್ನು ಕಣ್ಣುಮುಚ್ಚಿ ಜೋಡಿಸುವ ಕೈಗಳು ಅವು. ಈ ಪುಟ್ಟ ಬಾಣವನ್ನು ನೆಟ್ಟಗೆ ಓಡಿಸಲಾರದೆ ತಡವರಿಸುತ್ತಿದ್ದವು.

“ಮೌಸನ್ನ ಹಾಗೆ ಹಿಸುಕಬೇಡಿ, ಅದೇನೂ ನಿಮ್ಮ ಶತ್ರು ಅಲ್ಲ,” ಎಂದ ಎವರಾರ್ದೊ.

“ಶತ್ರು ಪಕ್ಕದಲ್ಲೇ ಕೂತಿದಾನೆ, ಗೊತ್ತು ನಂಗೆ. ಮುಂದೆ ಹೇಳಿ.”

ಅವನು ನಗು ನುಂಗಿಕೊಂಡು ಹೇಳಿದ. ಮೊದಲು ಚಪ್ಪಟೆ ಅಕ್ಷರ. ಅದರ ನಕಲೊಂದು ಕೆಳಗಿನ ಪದರದಲ್ಲಿ, ಕೂದಲೆಳೆಯಷ್ಟು ಓರೆಗೆ ಸರಿಸಿ. ಅದರ ಕೆಳಗೆ ಇನ್ನೊಂದು, ಮತ್ತೊಂದು... ಒಂದು ಕೈಯಲ್ಲಿ ಕೀಲಿ ಒತ್ತಿ ಹಿಡಿದು, ಇನ್ನೊಂದರಲ್ಲಿ ಬಾಣದ ಕೀಲಿಯನ್ನು ಟಕ ಟಕ ಒತ್ತುತ್ತ ಹೋದರೆ ನಕಲುಗಳೆಲ್ಲ ಒಂದರ ಹಿಂದೊಂದು ಪೇರಿಕೊಂಡು ಅಕ್ಷರಕ್ಕೆ ದಪ್ಪ ಬರುತ್ತದೆ. ಆ ದಪ್ಪಕ್ಕೆ ಕಡು ಕಂದು ಬಣ್ಣ, ಮುಖಕ್ಕೆ ಚಿನ್ನ.

“ತೊರ್ತಿಯಾ ರೊಟ್ಟಿ ಪೇರಿಸಿದ ಹಾಗೆ!” ಎಂದಳು ನೊಯೆಮಿ, ಥಟ್ಟನೆ ಮುಖ ಅರಳಿಸಿ.

“ಹಾಗೇ. ಆದ್ರೆ ಒಂದೊಂದೂ ಒಂಚೂರು ಓರೆ.”

“ನಮ್ಮತ್ತೆ ಪೇರಿಸೋದೇ ಹಾಗೆ.”

ಇಬ್ಬರೂ ನಕ್ಕರು. ನಕ್ಕಮೇಲೆ ಅವಳಿಗೆ ತಾನು ಸಿಟ್ಟಿನಲ್ಲಿರಬೇಕಾದವಳು ಎನ್ನುವುದು ನೆನಪಾಯಿತು. ಗಂಟಲು ಸರಿಮಾಡಿಕೊಂಡು ಮತ್ತೆ ಟಕ ಟಕ ಒತ್ತಿದಳು.

ಎರಡನೆಯ ದಿನ ಮ ಅಕ್ಷರದ ಬದಿಗೆ ದಪ್ಪ ಬಂತು. ಅಂಚಿಗೆ ಇಳಿಜಾರು ಬಂತು. ತೆರೆಯ ಮೇಲೆ ಅಪ್ಪನ ಹೆಸರು ಹಂಚಿನ ಮೇಲಿನ ರೊಟ್ಟಿಯಂತೆ ನಿಧಾನವಾಗಿ ಉಬ್ಬಿತು. ನೊಯೆಮಿ ತೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಗಾಜು ಚಪ್ಪಟೆಯಾಗಿಯೇ ಇತ್ತು. ಆದರೂ ಅವಳ ಕಣ್ಣು ತುಂಬಿತು.

“ಅಪ್ಪ ಇದ್ದಿದ್ರೆ...” ಎಂದಳು.

ಅವನು ಕರವಸ್ತ್ರ ಕೊಟ್ಟು, “ಬೆಳಕು ಬೀಳಿಸೋದನ್ನ ನಾಳೆ ಹೇಳಿಕೊಡ್ತೀನಿ. ಅದು ತುಂಬಾ ಸೂಕ್ಷ್ಮ. ನಾನು ಎಡವಿದ್ದೂ ಅಲ್ಲೇ,” ಎಂದ.

ಮನೆಗೆ ನಡೆಯುವಾಗ ಅವಳ ಮನಸ್ಸು ಯಾಕೋ ಹಗುರವಾಗಿತ್ತು. *ನಾಳೆ ಯಾವ ಬಟ್ಟೆ ಹಾಕ್ಕೊಂಡು ಹೋಗ್ಲಿ?* ಎಂದು ಯೋಚಿಸುತ್ತಿದ್ದೇನೆ ಎಂದು ಗೊತ್ತಾದಾಗ ತನ್ನ ಮೇಲೇ ಸಿಡುಕಿದಳು. ಅಕ್ಷರ ಕಲಿಯುವುದಕ್ಕೂ ಬಟ್ಟೆಗೂ ಏನು ಸಂಬಂಧ, ನೀವೇ ಹೇಳಿ!

*

ಮರುದಿನ ನೀಲಿ ಅಂಗಿ ತೊಟ್ಟು ಹೊರಟವಳನ್ನು ಚೇಲಾ ಅತ್ತೆ ಬಾಗಿಲಲ್ಲೇ ತಡೆದಳು.

“ಎಲ್ಲಿಗೆ ಸವಾರಿ? ಆ ಹುಡುಗನ ಅಂಗಡಿಗಾ?”

“ಹೌದತ್ತೆ. ಬೆಳಕು ಒಂದು ಬಾಕಿ ಇದೆ.”

“ನಿನ್ನ ತಲೇಲಿ ಬೆಳಕು ಯಾವಾಗ ಬೀಳುತ್ತೋ! ಅವನು ಯಾರು ಗೊತ್ತೇನೇ? ಸೊನಿದೊ ತ್ರುಎನೊದ ರುತಿಲಿಯೊ ಇದಾನಲ್ಲ, ಅವನ ಸ್ವಂತ ಅಕ್ಕನ ಮಗ!”

ದೋನ್ ರುತಿಲಿಯೊ! ಅಪ್ಪನ ಜೊತೆ ಜೀವನಪೂರ್ತಿ ಪೈಪೋಟಿಗೆ ಬಿದ್ದವನು. ಅಪ್ಪ ಹೋದಮೇಲೆ ಕೊನೆಯ ಪಾಳಿಗಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿರುವವನು.

“ಸುಮ್ನೆ ಹೇಳ್ಬೇಡ ಅತ್ತೆ...”

“ಸುಮ್ನೆ ಯಾಕೆ ಹೇಳ್ಲಿ? ಬೆಳಗ್ಗೆ ಬೆಳಗ್ಗೆ ಮಾರುಕಟ್ಟೆ ಹಿಂದಿನ ಗೋಡೇಲಿ ನಿಮ್ಮಪ್ಪನ ಹೆಸರಿರೋ ಪೋಸ್ಟರನ್ನ ಪರಪರ ಅಂತ ಕೀಳ್ತಿದ್ದ! ನನ್ನ ಈ ಕಣ್ಣಾರೆ ನೋಡಿದೀನಿ. ಒಂದಲ್ಲ, ಇಡೀ ಗೋಡೆ ಬೋಳಿಸ್ತಿದ್ದ.”

*ಮೊದಲು ಹೆಸರನ್ನ ಹೂತ. ಈಗ ಗೋಡೆಯಿಂದಲೂ ಕೀಳ್ತಿದಾನೆ. ನಾನು ಅವನ ಪಕ್ಕ ಕೂತ್ಕೊಂಡು ನಗ್ತಿದ್ದೆ... ಎಂಥ ದಡ್ಡಿ ನಾನು!*

ಅಂಗಡಿಯ ಬಾಗಿಲಿಗೆ ಬಂದಾಗ ಅವನು ಎರಡು ಲೋಟ ಅತೋಲೆ ಗಂಜಿ ಕಾಯಿಸಿಟ್ಟುಕೊಂಡು ಕೂತಿದ್ದ. ಅವಳನ್ನು ಕಂಡದ್ದೇ ಮುಖ ಬೆಳಗಿತು.

“ಬನ್ನಿ ಬನ್ನಿ, ಇವತ್ತು ಬೆಳಕಿನ...”

“ರುತಿಲಿಯೊ ನಿಮಗೇನಾಗ್ಬೇಕು?”

ಅವನ ಕೈಯ ಲೋಟ ಮೇಜಿಗಿಳಿಯಿತು. “ಸೋದರಮಾವ.”

“ಬೆಳಗ್ಗೆ ನಮ್ಮ ಪೋಸ್ಟರು ಕಿತ್ತಿದ್ದು ನೀವೇನಾ?”

“ಹೌದು, ಆದ್ರೆ...”

“ಸಾಕು!” ಅವಳು ಕೈ ಅಡ್ಡ ಹಿಡಿದಳು. “ಎರಡು ದಿನದಿಂದ ನಾಟಕ ಚೆನ್ನಾಗೇ ಆಡಿದ್ರಿ. ಶುಕ್ರವಾರದ ತನಕ ನನ್ನ ಇಲ್ಲೇ ಆಟ ಆಡಿಸೋಣ ಅಂತಿದ್ರಾ? ಹೋಗಿ ನಿಮ್ಮಾವನಿಗೆ ಹೇಳಿ, ಮರಕುಯಾಗೆ ಇನ್ನೂ ಉಸಿರಿದೆ ಅಂತ!”

ಮಾಡಿದ ಕೆಲಸವೆಲ್ಲ ಇದ್ದ ಪೆನ್‌ಡ್ರೈವನ್ನು ಕಂಪ್ಯೂಟರಿನಿಂದ ಕಿತ್ತುಕೊಂಡು ಹೊರಟೇಬಿಟ್ಟಳು. ಹಿಂದಿನಿಂದ “ನೊಯೆಮಿ!” ಎಂದು ಅವನು ಕರೆದದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದಳು, ಅದಕ್ಕೆ.

*

ಅತ್ತು ಕೂರುವ ಜಾಯಮಾನ ಅವಳದಲ್ಲ. ಗುರುವಾರ ಬೆಳಗ್ಗೆ ಬೀದಿಯ ತುದಿಯ ಸೈಬರ್ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಅಲ್ಲಿ ನಿಂತಿದ್ದಳು. *ಬೆಳಕು ತಾನೆ? ನಾನೇ ಬೀಳಿಸ್ತೀನಿ. ಯಾರ ಹಂಗೂ ಬೇಡ.*

ಒಂದೊಂದೇ ಗುಂಡಿ ಒತ್ತಿ ನೋಡಿದಳು. ಕೆಡಿಸಿದಳು, ಹಿಂದಕ್ಕೆ ಬಂದಳು, ಮತ್ತೆ ಒತ್ತಿದಳು. ಕೊನೆಗೆ ಸಿಕ್ಕಿತು, ಗಡಿಯಾರದ ಮುಖದಂಥ ಪುಟ್ಟ ವೃತ್ತ. ಅದರೊಳಗಿನ ಚುಕ್ಕೆಯೇ ಸೂರ್ಯ. ಚುಕ್ಕೆಯನ್ನು ಮೇಲಕ್ಕೆ ಎಳೆದಳು. ಅಕ್ಷರಗಳ ನೆತ್ತಿ ಹೊಳೆಯಿತು, ಕೆಳಗೆ ನೆರಳು ಬಿತ್ತು. ಮರಕುಯಾ ಎದ್ದು ನಿಂತಿತು!

“ಬಂತು!” ಎಂದು ಅವಳು ಕೂಗಿದ ಕೂಗಿಗೆ ಪಕ್ಕದಲ್ಲಿ ಆಟವಾಡುತ್ತಿದ್ದವನ ಎದೆ ನಿಂತುಹೋಗುವುದೊಂದು ಬಾಕಿ.

ಅಷ್ಟರಲ್ಲಿ ದೋನ್ಯಾ ಓಬ್ದುಲಿಯಾ ಒಳಗೆ ಬಂದಳು. ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿ. ಚೀಸ್ ಮಾರುವ, ದೇವರೆಂದರೆ ಪ್ರಾಣ ಬಿಡುವ ಹೆಂಗಸು.

“ನಿಮ್ಮತ್ತೆ ಹೇಳಿದ್ಲು ನೀನಿಲ್ಲಿದೀಯ ಅಂತ. ಎಲ್ಲಿ, ತೋರ್ಸು. ಹ್ಞೂಂ, ಚೆನ್ನಾಗಿದೆ ಕಣೇ! ಆದ್ರೆ ನಮ್ಮ ಸಾನ್ ಪಾಸ್ಕುವಾಲಪ್ಪನ ಹೆಸರು ಯಾಕೆ ಹಿಂಗೆ ಮಂಕಾಗಿದೆ? ಮೇಣದಬತ್ತಿ ಉರಿಯೋದು ಅವನ ಪಾದದ ಹತ್ರ. ಬೆಳಕು ಕೆಳಗಿಂದ ಬರ್ಬೇಕು ತಾನೆ? ಕೆಳಗಿಂದ ಬೀಳ್ಸು.”

“ಆಯ್ತು ದೋನ್ಯಾ, ಅದೇನು ಮಹಾ.”

ನೊಯೆಮಿ ಸಂತನ ಹೆಸರಿನ ಪದರಕ್ಕೆ ಹೋಗಿ, ಚುಕ್ಕೆಯನ್ನು ಕೆಳಕ್ಕೆ ಎಳೆದಳು. ಸಾನ್ ಪಾಸ್ಕುವಾಲನ ಪಾದ ಬೆಳಗಿತು.

“ಹಾಂ! ಈಗ ನೋಡು ಕಳೆ ಬಂತು!” ಎಂದು ಓಬ್ದುಲಿಯಾ ಶಿಲುಬೆಯ ಗುರುತು ಮಾಡಿಕೊಂಡಳು. “ಆ ಎವರಾರ್ದೊಗೂ ಇದನ್ನೇ ಹೇಳಿದ್ದೆ. ಪೋಸ್ಟರು ಅಚ್ಚಿಗೆ ಹೋಗೋ ಹೊತ್ತಲ್ಲಿ ನೆನಪಾಯ್ತು, ಫೋನ್ ಮಾಡಿ ಜೀವ ತಿಂದೆ. ಪಾಪ, ಬೇಸರ ಮಾಡ್ಕೊಳ್ದೆ ಮಾಡಿಕೊಟ್ಟ...”

ನೊಯೆಮಿಗೆ ಮುಂದಿನ ಮಾತು ಕೇಳಿಸಲಿಲ್ಲ. ಅವಳ ಕಣ್ಣು ತೆರೆಯ ಮೇಲೆ ನೆಟ್ಟುಹೋಗಿತ್ತು.

ಮರಕುಯಾ ಮುಳುಗಿತ್ತು.

ಅವಳು ಆ ಪದರವನ್ನು ಮುಟ್ಟಿಯೇ ಇರಲಿಲ್ಲ! ಆದರೂ ಎದ್ದು ನಿಂತಿದ್ದ ಅಕ್ಷರಗಳೆಲ್ಲ ತಿರುವುಮುರುವಾಗಿ, ಕಲ್ಲಿನಲ್ಲಿ ಕೊರೆದಂತೆ ಒಳಕ್ಕೆ ಹೋಗಿದ್ದವು. ಅದೇ ಗೋರಿಕಲ್ಲು!

ಗಡಿಯಾರದಂಥ ವೃತ್ತದ ಪಕ್ಕದಲ್ಲಿ ಪುಟ್ಟದೊಂದು ಟಿಕ್ ಗುರುತಿತ್ತು. *ಎಲ್ಲ ಪದರಕ್ಕೂ ಒಂದೇ ಬೆಳಕು.* ಒಬ್ಬರ ಸೂರ್ಯನನ್ನು ಸರಿಸಿದರೆ ಎಲ್ಲರ ಸೂರ್ಯನೂ ಸರಿಯುತ್ತಾನೆ. ಕಣ್ಣಿಗೋ ಬೆಳಕು ಮೇಲಿನಿಂದ ಬಿದ್ದೇ ಅಭ್ಯಾಸ. ಕೆಳಗಿನಿಂದ ಬಿದ್ದರೆ ಉಬ್ಬಿದ್ದೆಲ್ಲ ತಗ್ಗಾಗಿ ಕಾಣುತ್ತದೆ. ಸಂತನ ಪುಟ್ಟ ಹೆಸರನ್ನು ನೋಡುತ್ತ ಕೂತವರಿಗೆ ಮೇಲಿನ ದೊಡ್ಡ ಹೆಸರು ಮುಳುಗಿದ್ದು ಗೊತ್ತೇ ಆಗುವುದಿಲ್ಲ.

ಈಗಷ್ಟೇ ಅವಳಿಗೂ ಗೊತ್ತಾಗಿರಲಿಲ್ಲವಲ್ಲ!

*ನನ್ನ ಕೈಯಿಂದಲೇ ಆಯ್ತು... ನನ್ನ ಅಪ್ಪನ ಹೆಸರನ್ನ ನಾನೇ ಹೂತೆ. ಹಾಗಾದ್ರೆ ಅವನು... ಅವನು ಮೊದಲ ದಿನವೇ ಹೇಳೋಕೆ ಬಂದ. ನಾನು ಬಾಯಿ ಮುಚ್ಚಿಸ್ದೆ. ನಿನ್ನೇನೂ ಬಾಯಿ ಮುಚ್ಚಿಸ್ದೆ!*

“ಏನಾಯ್ತೇ? ಯಾಕೆ ಹಾಗೆ ಬೆವರ್ತಿದೀಯ?” ಎಂದಳು ಓಬ್ದುಲಿಯಾ.

“ಏನಿಲ್ಲ ದೋನ್ಯಾ. ಒಬ್ಬರ ಹತ್ರ ಹೋಗಿ ತಲೆ ತಗ್ಗಿಸ್ಬೇಕು. ನಂಗದು ಅಭ್ಯಾಸ ಇಲ್ಲ.”

ಟಿಕ್ಕು ತೆಗೆದಳು. ಸಂತನಿಗೆ ಅವನ ಮೇಣದಬತ್ತಿ, ಮರಕುಯಾಗೆ ಅದರ ಸೂರ್ಯ. ಎರಡನ್ನೂ ಬೇರೆ ಬೇರೆ ಮಾಡಿ, ನೆರಳನ್ನು ಇನ್ನೊಮ್ಮೆ ನೋಡಿ, ಎಲ್ಲವನ್ನೂ ಉಳಿಸಿಕೊಂಡು ಎದ್ದಳು.

*

ಅಂಗಡಿಯಲ್ಲಿ ಎವರಾರ್ದೊ ನೆಲದ ಮೇಲೆ ಕೂತಿದ್ದ. ಸುತ್ತ ರಾಶಿ ರಾಶಿ ಹರಿದ ಪೋಸ್ಟರುಗಳು. ಎಲ್ಲದರಲ್ಲೂ ಆ ಮುಳುಗಿದ ಮರಕುಯಾ. ಅವನ ಉಗುರುಗಳು ಸುಣ್ಣ, ಅಂಟು ಮೆತ್ತಿ ಒಡೆದುಹೋಗಿದ್ದವು.

ಅವಳು ಬಾಗಿಲಲ್ಲೇ ನಿಂತಳು. “ಇದನ್ನೆಲ್ಲ ಯಾಕೆ ಕಿತ್ರಿ?”

ಅವನು ತಲೆಯೆತ್ತಲಿಲ್ಲ. “ನಿಮ್ಮ ಹೆಸರನ್ನ ಗೋರಿ ಥರ ಮಾಡಿ ಊರಿಗೆಲ್ಲ ಅಂಟಿಸಿದ್ದು ನಾನು. ಜನ ಅದರ ಮುಂದೆ ನಿಂತ್ಕೊಂಡು ನಗೋದು ಇನ್ನೊಂದು ದಿನ ನೋಡೋಕಾಗ್ಲಿಲ್ಲ ನಂಗೆ.”

“ಮತ್ತೆ ನಿಮ್ಮಾವ?”

“ಮಾವ ಬಂದಿದ್ದ. ಅವನ ಹೆಸರನ್ನ ಉಬ್ಬಿಸಿ ಬೇರೆ ಪೋಸ್ಟರು ಮಾಡು ಅಂದ. ಮಾಡಲ್ಲ ಅಂದೆ. ಒಂದು ವಾರ ಮುನಿಸ್ಕೋತಾನೆ, ಆಮೇಲೆ ಅಮ್ಮನ ಕೈಯಡುಗೆ ನೆನಪಾಗಿ ಬರ್ತಾನೆ. ಅವನು ಸೋತ್ರೆ ಅಷ್ಟೇ ಆಗೋದು. ನೀವು ಸೋತ್ರೆ...”

ಅವನು ಹರಿದ ಪೋಸ್ಟರೊಂದನ್ನು ಮಡಚತೊಡಗಿದ.

“ಸೋತ್ರೆ?” ಅವಳ ದನಿ ಅವಳಿಗೇ ಕೇಳಿಸದಷ್ಟು ಮೆತ್ತಗಾಗಿತ್ತು.

“ಅದನ್ನ ಯೋಚಿಸಿದ್ರೆ ಕೈಕಾಲು ಆಡಲ್ಲ ನಂಗೆ.”

ನೊಯೆಮಿ ಅವನ ಮುಂದೆ ನೆಲದ ಮೇಲೇ ಕೂತಳು. “ಓಬ್ದುಲಿಯಾ ನನ್ನ ಹತ್ರಾನೂ ಮೇಣದಬತ್ತಿ ಕೇಳಿದ್ಲು. ನಾನೂ ಬೆಳಕನ್ನ ಕೆಳಕ್ಕೆ ಎಳೆದೆ. ಆ ದರಿದ್ರ ಟಿಕ್ಕು ನಂಗೂ ಕಾಣಿಸ್ಲಿಲ್ಲ.”

ಈಗ ಅವನು ತಲೆಯೆತ್ತಿದ.

“ಕ್ಷಮಿಸಿಬಿಡಿ,” ಎಂದಳು ನೊಯೆಮಿ. “ಎರಡು ಸಲ ನಿಮಗೆ ಮಾತು ಮುಗಿಸೋಕೆ ಬಿಡ್ಲಿಲ್ಲ ನಾನು. ನೋಡದೆ ಅಚ್ಚಿಗೆ ಕಳಿಸಿದ ತಪ್ಪು ನಿಮ್ದು, ಕೇಳದೆ ಬೈದ ತಪ್ಪು ನಂದು. ಈಗ ಏಳಿ ಮೇಲೆ! ನಾಳೆ ಶುಕ್ರವಾರ. ಯಂತ್ರ ಬಿಸಿ ಮಾಡಿ.”

ಅವನು ಫೈಲನ್ನು ತೆರೆದ. ಬಹಳ ಹೊತ್ತು ನೋಡಿದ. ದಪ್ಪ, ಇಳಿಜಾರು, ನೆರಳು... ಎಲ್ಲಿಯೂ ಕೈಹಚ್ಚಲಿಲ್ಲ.

“ಏನಾದ್ರೂ ತಿದ್ದಬೇಕಾ?” ಎಂದಳು ಉಸಿರು ಬಿಗಿಹಿಡಿದು.

“ಒಂದು ಕೂದಲೆಳೆಯಷ್ಟೂ ಇಲ್ಲ.”

ಯಂತ್ರ ಗಡಗಡ ಎಂದಿತು. ಶುಕ್ರವಾರ ಬೆಳಗಾದಾಗ ಇಬ್ಬರೂ ಒಂದೇ ಬಕೆಟಿನಿಂದ ಅಂಟು ಬಳಿಯುತ್ತ ಬೀದಿ ಬೀದಿ ಸುತ್ತಿದರು. ಹಣ್ಣಿನ ಅಂಗಡಿಯವರು, ಮಾಂಸದವರು ಹೊರಗೆ ಬಂದು ನೋಡಿದರು. ಯಾರೋ ಒಬ್ಬ ಗೋಡೆಯ ಮೇಲಿನ ಅಕ್ಷರವನ್ನು ಹಿಡಿಯಲು ಕೈ ಚಾಚಿ ಬರಿಗೈ ಆಗಿ ನಕ್ಕ. ದೋನ್ ರುತಿಲಿಯೊ ಕೂಡ ಬಂದು, ಮೂಗಿನ ತುದಿ ಗೋಡೆಗೆ ತಾಗುವಷ್ಟು ಹತ್ತಿರ ನಿಂತು ನೋಡಿದ.

“ಲೇ ಎವರಾರ್ದೊ! ನನ್ನ ಹೆಸರು ಯಾಕೋ ಹಿಂಗೆ ಹಪ್ಪಳ ಆಗಿದೆ?”

“ಮಾವಾ, ಈ ಸಲ ಮಾಡಿದ್ದು ನಾನಲ್ಲ. ಇವರನ್ನ ಕೇಳು.”

ರುತಿಲಿಯೊ ನೊಯೆಮಿಯನ್ನು ಮೇಲಿಂದ ಕೆಳಗೆ ನೋಡಿದ. “ಅಪ್ಪನ ಕೊಬ್ಬೆಲ್ಲ ಬಂದಿದೆ ನಿಂಗೆ,” ಎಂದು ಗೊಣಗಿ ಹೊರಟುಹೋದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಸಮಿತಿಯವರು ಆ ಮಧ್ಯಾಹ್ನವೇ ಹೇಳಿ ಕಳಿಸಿದರು. ಕೊನೆಯ ಪಾಳಿ ಮರಕುಯಾದ್ದೇ.

*

ಭಾನುವಾರ ಸಂಜೆ ಮಾರುಕಟ್ಟೆಯ ಬೀದಿ ತುಂಬಿ ತುಳುಕುತ್ತಿತ್ತು. ತ್ರುಎನೊದ ರುತಿಲಿಯೊ ತನ್ನ ಪಾಳಿ ಮುಗಿಸಿ ಇಳಿದ. ನೊಯೆಮಿ ಹಳದಿ ಲಾರಿಯ ಮೇಲೆ ಹತ್ತಿದಳು. ಕೈಯಲ್ಲಿ ಅಪ್ಪನ ಮೈಕು. ಕೆಳಗೆ ಸಾವಿರ ಮುಖಗಳು, ಒಂದು ಸದ್ದಿಲ್ಲ. ಹೆಣ್ಣು ಏನು ಮಾಡುತ್ತಾಳೋ ನೋಡೋಣ ಎನ್ನುವ ಮೌನ ಅದು.

*ಆಗಲ್ಲ ನನ್ನ ಕೈಲಿ...* ಎಂದುಕೊಂಡಳು. ಮರುಕ್ಷಣವೇ ಹಲ್ಲು ಕಚ್ಚಿದಳು. *ಆಗುತ್ತೆ. ಆಗಲೇಬೇಕು!*

ಹಾಡು ಹಾಕಿದಳು. ಸ್ಪೀಕರು ಗುಡುಗಿತು. ಜನ ಹಿಂದೆ ಸರಿದು ಕುಣಿಯುವುದಕ್ಕೆ ನಡುವೆ ಜಾಗ ಬಿಟ್ಟರು. ಇನ್ನು ಜನರ ಹೆಸರು ಹಿಡಿದು ಸಲಾಮು ಹೇಳಬೇಕು. ಮೊದಲ ಸಲಾಮು ಯಾವತ್ತೂ ಮನೆಯವರಿಗೇ. ಅದು ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಚೇಲಾ ಅತ್ತೆ ಆಗಲೇ ಶಾಲು ಸರಿಪಡಿಸಿಕೊಂಡು ಎದೆಯುಬ್ಬಿಸಿ ನಿಂತಿದ್ದಳು.

“ಸೊನಿದೊ ಮರಕುಯಾದ ಮೊದಲ ಸಲಾಮು...” ನೊಯೆಮಿಯ ದನಿ ಬೀದಿಯ ತುದಿಯವರೆಗೆ ಹರಿಯಿತು. “ನಮ್ಮ ಚೇಲಾ ಅತ್ತೆಗೆ! ಅವಳ ಜೊತೆಗೇ, ಒಡೆದ ಉಗುರಿಟ್ಕೊಂಡು ಅಲ್ಲಿ ಹಿಂದೆ ಅಡಗಿಕೊಂಡು ನಿಂತಿದಾನಲ್ಲ... ನಮ್ಮನೆಯ ಎವರಾರ್ದೊಗೆ!”

ಎದ್ದ ಕೇಕೆಗೆ ಮಾರುಕಟ್ಟೆಯ ತಗಡಿನ ಚಾವಣಿ ಅದುರಿತು. ರುತಿಲಿಯೊ ಹ್ಯಾಟು ತೆಗೆದು ತಲೆ ಕೆರೆದುಕೊಂಡ. ಮೊದಲ ಜೋಡಿ ನಡುವಿನ ಜಾಗಕ್ಕೆ ಇಳಿಯಿತು, ಹಿಂದೆಯೇ ಇನ್ನೊಂದು, ನೋಡನೋಡುತ್ತ ಇಡೀ ಬೀದಿ ಕುಣಿಯತೊಡಗಿತು. ನೊಯೆಮಿ ಅರ್ನುಲ್ಫೊನ ಮಗಳಾಗಿ ಅಲ್ಲ, ಮರಕುಯಾ ಆಗಿ ಅವರನ್ನು ಕುಣಿಸಿದಳು.

ಕೊನೆಯ ಹಾಡು ಮುಗಿದು ಅವಳು ಲಾರಿಯಿಂದ ಇಳಿಯುವಾಗ ಕೆಳಗೆ ಒಂದು ಕೈ ಚಾಚಿತ್ತು. ಒಡೆದ ಉಗುರುಗಳ ಕೈ. ಅವಳು ಹಿಡಿದುಕೊಂಡಳು. ಇಳಿದಮೇಲೂ ಬಿಡಲಿಲ್ಲ.

“ನಮ್ಮನೆಯವನು ಅಂದ್ಬಿಟ್ರಿ,” ಎಂದ ಅವನು, ಕೆಂಪಾಗಿ. “ಇಡೀ ನೆಸಾಗೇ ಕೇಳಿಸ್ತು.”

“ಕೇಳಿಸ್ಲಿ ಅಂತಲೇ ಮೈಕಲ್ಲಿ ಹೇಳಿದ್ದು. ನಿಂಗೆ ಬೇಡವಾ?”

“ಬೇಕು... ಮೊದಲ ದಿನ ಅಂಟು ಮೆತ್ತಿದ ಕೈಲಿ ಬಂದು ಬೈದ್ರಲ್ಲ, ಆವತ್ತಿಂದ ಬೇಕು.”

ನೊಯೆಮಿಯ ಕಣ್ಣು ತುಂಬಿಬಂತು. ಒರೆಸಿಕೊಳ್ಳಲು ಹೋಗಲಿಲ್ಲ. “ನಾಳೆ ಊಟಕ್ಕೆ ಬಾ. ಅತ್ತೆ ಮೋಲೆ ಸಾರು ಮಾಡ್ತಾಳೆ.”

“ನಿಮ್ಮತ್ತೆ ನನ್ನನ್ನ ಪೊರಕೆ ತಗೊಂಡು ಅಟ್ಟಿಸ್ಕೊಂಡು ಬಂದ್ರೆ?”

“ಬಂದ್ರೆ ನಿನ್ನ ಕೈ ಹಿಡ್ಕೊಂಡು ನಾನೂ ಓಡ್ತೀನಿ. ಸಾಕಾ?”

“ಸಾಕು,” ಎಂದ ಎವರಾರ್ದೊ. “ಇನ್ನೇನೂ ಬೇಡ.”